ಬರುತ್ತೇವೆ ಎಂದು ಹೋದವರು

ಅಪ್ಪ ತೀರಿಕೊಂಡಾಗ ನಾನು ಕಡೂರಿನಲ್ಲಿ ರೂಮು ಮಾಡಿಕೊಂಡು ಎಂ.ಎ. ಓದುತ್ತಿದ್ದೆ. ಅಜ್ಜಂಪುರದ ಮನೆಯಲ್ಲಿ ಕಾರ್ಯವೆಲ್ಲ ಮುಗಿದ ಮೇಲೂ ಇಷ್ಟಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಕೂರಲು ನನ್ನಿಂದಾಗಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ಕಲಿತ ಪೂಜೆ ಅದು. ಕೈಗೆತ್ತಿಕೊಂಡರೆ, ಸಮಾಧಿಯೊಳಗೆ ಕೂರಿಸಿದ್ದ ಅಪ್ಪನ ಎಡ ಅಂಗೈಗೆ ಲಿಂಗವಿಟ್ಟದ್ದು ಕಣ್ಣಿಗೆ ಬರುತ್ತಿತ್ತು. ಕೆಳಗಿಟ್ಟುಬಿಡುತ್ತಿದ್ದೆ. ಪೂಜೆಯೂ ಬೇಡ, ಓದೂ ಬೇಡ, ಇನ್ನು ಕಡೂರಿಗೆ ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದ್ದೆ.

ಆಗ ರೂಮಿನ ಗೆಳತಿಯರಿಬ್ಬರು ಮಾತಾಡಿಸಲು ಬಂದರು. ಒಬ್ಬಳು ಕೆಮಿಸ್ಟ್ರಿಯವಳು, ದೇವರನ್ನು ನಂಬದವಳು. ಇನ್ನೊಬ್ಬಳು ಸಮಾಜಕಾರ್ಯ ಓದುವವಳು, ತರೀಕೆರೆಯ ಬೌದ್ಧರ ಮನೆಯವಳು. ದಿನಾ ಬೆಳಿಗ್ಗೆ ಉಸಿರನ್ನೇ ಗಮನಿಸುತ್ತ ಕೂರುತ್ತಾಳೆ. ಇಬ್ಬರೂ ನನಗೆ ಬುದ್ಧಿ ಹೇಳಲಿಲ್ಲ. ಅವ್ವನ ಜೊತೆ ಕೂತು ಅವರೆಕಾಯಿ ಸುಲಿದರು.

ಹೊರಡುವಾಗ ಕೆಮಿಸ್ಟ್ರಿಯವಳು ಚಪ್ಪಲಿ ಮೆಟ್ಟುತ್ತ, ರೂಢಿಯಂತೆ, "ಹೋಗ್ಬತ್ತೀವಿ ಅಮ್ಮ" ಅಂದುಬಿಟ್ಟಳು.

ಸಾವಿನ ಮನೆಯಿಂದ ಹೊರಡುವವರು ಆ ಮಾತು ಆಡುವುದಿಲ್ಲ. ಮತ್ತೆ ಇಂಥದ್ದಕ್ಕೆ ಬರುವಂತಾಗದಿರಲಿ ಎಂದು ಸುಮ್ಮನೆ ಎದ್ದು ಹೋಗುತ್ತಾರೆ. ನಮ್ಮ ಸೋದರತ್ತೆ ಹುಬ್ಬು ಗಂಟಿಕ್ಕಿದರು.

"ಏನೇ ಹುಡ್ಗಿ, ಇಷ್ಟೆಲ್ಲಾ ಓದಿದೀಯ, ಇದು ಗೊತ್ತಿಲ್ವೇನೇ?"

ಅವಳ ಮುಖ ಬಿಳುಚಿತು. ಪಕ್ಕದಲ್ಲಿದ್ದ ತರೀಕೆರೆಯವಳು ಮೆಲ್ಲಗೆ, "ಅವ್ಳ ಸಿಲಬಸ್‌ನಲ್ಲಿ ಅದಿಲ್ಲ ಅತ್ತೆ" ಅಂದಳು.

ಅಪ್ಪ ಹೋದ ಮೇಲೆ ಅವ್ವ ನಕ್ಕದ್ದನ್ನು ಆಗಲೇ ನಾನು ಮೊದಲು ಕಂಡದ್ದು. "ಅಂದಿದ್ದು ಅಂದಾಯ್ತು. ಬನ್ನಿ ಕಣ್ರವ್ವ. ಸೋಮವಾರನೇ ಬಂದು ಇವ್ಳನ್ನ ಕರ್ಕೊಂಡೋಗಿ" ಅಂದಳು.

ಸೋಮವಾರ ಇಬ್ಬರೂ ಬಂದರು. "ತಪ್ಪು ಮಾತಾಡಿದ್ಮೇಲೆ ಬರದೆ ಇನ್ನೇನ್ ಮಾಡ್ಲಿ, ನಡಿಯೇ" ಎಂದು ಕೆಮಿಸ್ಟ್ರಿಯವಳು ನನ್ನ ಬ್ಯಾಗು ಎತ್ತಿಕೊಂಡಳು. ನಾನು ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಟೆ.

ಮರುದಿನ ಬೆಳಿಗ್ಗೆ ರೂಮಿನಲ್ಲಿ ತರೀಕೆರೆಯವಳು ಗೋಡೆಯ ಬಳಿ ಕಣ್ಣು ಮುಚ್ಚಿ ಕೂತಿದ್ದಳು. ಕೆಮಿಸ್ಟ್ರಿಯವಳು ಕಿಟಕಿಯಾಚೆ ನೋಡುತ್ತಿದ್ದಳು.

"ಏನ್ ನೋಡ್ತಿದೀಯೇ?" ಅಂದೆ.

"ಏನಿಲ್ಲ ಕಣೇ. ಲ್ಯಾಬಿಗೆ ಹೋಗೋ ಮುಂಚೆ ಹಿಂಗೆ ಸುಮ್ನೆ ಇದ್ರೆ ನಂಗೆ ಕೈ ನಡುಗಲ್ಲ."

ಎರಡು ವರ್ಷ ಜೊತೆಗಿದ್ದರೂ ಅವಳಿಗೂ ಅಂಥದ್ದೊಂದು ಹೊತ್ತು ಬೇಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ನಾನೂ ಸ್ನಾನ ಮಾಡಿ ಬಂದು ವಿಭೂತಿ ಧರಿಸಿ ಅವರಿಬ್ಬರ ನಡುವೆ ಕೂತೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಅಪ್ಪನ ಕೈ ಅಂದೂ ಕಣ್ಣಿಗೆ ಬಂತು. ಅಳು ಬಂತು. ಆದರೆ ಕೆಳಗಿಡಲಿಲ್ಲ.

ಕೆಮಿಸ್ಟ್ರಿಯವಳು ನನ್ನ ಪಾಲಿನ ಕಾಫಿಗೆ ತಟ್ಟೆ ಮುಚ್ಚಿಟ್ಟಳು.