ನಿಂಗಣ್ಣನ ದಮ್ಮಡಿಯೂ ಐದು ನಿಮಿಷವೂ

ನಮ್ಮ ನಿಂಗಣ್ಣ ಒಂದು ಹನಿ ಹೆಂಡವನ್ನೂ ಮುಟ್ಟಿದವನಲ್ಲ. ಆದರೆ ಅವನು ಎದುರು ಬಂದರೆ ಒಂದು ಹೆಂಡದಂಗಡಿಯೇ ಎದ್ದು ಬಂದಂತಾಗುತ್ತಿತ್ತು. ಗೋವಾದ ಮಡ್ಕಯಿಯ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಆಲ್ಕೋಹಾಲಿನಿಂದ ಒರೆಸುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಆ ವಾಸನೆ ಅಂಗಿಗೆ, ಕೂದಲಿಗೆ, ಊಟದ ಡಬ್ಬಿಗೂ ಹತ್ತಿತ್ತು.

ತಾಪತ್ರಯ ಶುರುವಾದದ್ದು ಭಜನೆಯಲ್ಲಿ. ವಿಜಯಪುರದ ಕಡೆಯಿಂದ ಬಂದ ನಾವೆಲ್ಲ ಪ್ರತಿ ಸೋಮವಾರ ಸಂಜೆ ಸೇರುತ್ತೇವೆ. ಕುಡಿದವರು ವಾದ್ಯ ಮುಟ್ಟಬಾರದು, ಅದು ನಮ್ಮ ಕಟ್ಟಳೆ. ನಿಂಗಣ್ಣನಿಗೆ ದಮ್ಮಡಿ ಬಾರಿಸುವುದೆಂದರೆ ಪ್ರಾಣ. ಹೊಸದಾಗಿ ಸೇರಿದ ಬಸಲಿಂಗಪ್ಪನಿಗೂ ಅದರ ಮೇಲೇ ಕಣ್ಣು. ಒಂದು ಸೋಮವಾರ ಅವನು ಎಲ್ಲರೆದುರು ಮೂಗು ಮುಚ್ಚಿಕೊಂಡ. ಭಜನೆಯ ಹಿರಿಯಳು ಮಹಾದೇವಕ್ಕ ದಮ್ಮಡಿ ಕಸಿದುಕೊಂಡು ಗೂಟಕ್ಕೆ ನೇತುಹಾಕಿದಳು. ನಿಂಗಣ್ಣ ಆಣೆ ಮಾಡಿದ, ಅತ್ತ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಅದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ಕೊನೆಗೆ ಅವನು ಕಾರ್ಖಾನೆಯ ಲ್ಯಾಬಿನ ಗೀತಾಂಜಲಿಯ ಮೊರೆ ಹೋದ. ಧಾರವಾಡದ ಅಂಗಡಿಕಾರರ ಮಗಳು, ಜಾಣೆ. ಶನಿವಾರ ಊಟದ ಬಿಡುವಿನಲ್ಲಿ ಭಜನೆಯ ನಮ್ಮನ್ನೆಲ್ಲ ಲ್ಯಾಬಿಗೆ ಕರೆಸಿದಳು.

“ಇವ್ರು ಒರಸೋದು ಐಸೊಪ್ರೊಪೈಲ್ ರೀ, ಮಂದಿ ಕುಡಿಯೋದು ಬ್ಯಾರೆ. ಈ ಲೂಕಸ್ ದ್ರಾವಣದಾಗ ಇವ್ರದ್ದು ಹಾಕಿದ್ರ ಐದು ನಿಮಿಷದಾಗ ಮಸುಕಾಗತೈತಿ. ಕುಡಿಯೋದು ಹಾಕಿದ್ರ ತಿಳಿಯಾಗೇ ಇರತೈತಿ.”

ನಿಂಗಣ್ಣನ ಒರೆಸುವ ಬಟ್ಟೆಯನ್ನು ಹಿಂಡಿ, ಆ ದ್ರಾವಣ ತುಂಬಿದ ಒಂದು ಗಾಜಿನ ನಳಿಕೆಗೆ ಹನಿಸಲು ಸಿದ್ಧಮಾಡಿದಳು. ಇನ್ನೊಂದಕ್ಕೆ ಹಾಕಲು ಕುಡಿಯುವ ಬಗೆಯ ಆಲ್ಕೋಹಾಲಿದ್ದ ಲ್ಯಾಬಿನ ಬಾಟಲಿ ಎತ್ತಿದಾಗ ಮಹಾದೇವಕ್ಕ ತಡೆದಳು.

“ನಿಮ್ಮ ಬಾಟ್ಲಿ ಬ್ಯಾಡವ್ವಾ. ಖರೇನ ಕುಡಿಯೋದನ್ನ ಹಾಕು.”

“ಅದು ಇಲ್ಲಿ ಎಲ್ಲಿ ಸಿಗಬೇಕ್ರಿ ಅಕ್ಕಾರ?”

“ತಡೀರಿ,” ಎಂದ ಬಸಲಿಂಗಪ್ಪ. ನಿಂಗಣ್ಣ ಈಗ ಸಿಕ್ಕಿಬೀಳುತ್ತಾನೆ ಎಂಬ ಹುಮ್ಮಸ್ಸಿನಲ್ಲಿ ಚೀಲಕ್ಕೆ ಕೈ ಹಾಕಿ ಗೇರುಹಣ್ಣಿನ ಸಾರಾಯಿ ಫೆನಿಯ ಬಾಟಲಿ ತೆಗೆದುಕೊಟ್ಟ. ಅದು ಅರ್ಧ ಖಾಲಿಯಾಗಿತ್ತು.

ಎರಡೂ ನಳಿಕೆಗೆ ಹನಿಗಳು ಬಿದ್ದವು. ಒಂದು ನಿಮಿಷ, ಎರಡು ನಿಮಿಷ. ನಿಂಗಣ್ಣ ಗೋಡೆಯ ಗಡಿಯಾರಕ್ಕೆ ಕೈಮುಗಿದು ನಿಂತಿದ್ದ. ನಾಲ್ಕನೆಯ ನಿಮಿಷಕ್ಕೆ ಅವನ ನಳಿಕೆ ಅಕ್ಕಿ ತೊಳೆದ ನೀರಿನಂತೆ ಮಸುಕಾಯಿತು. ಫೆನಿಯ ನಳಿಕೆ ಹಾಗೇ ತಿಳಿಯಾಗಿತ್ತು.

ಮಹಾದೇವಕ್ಕ ಒರೆಸುವ ಬಟ್ಟೆ ಮೂಸಿದಳು, ನಿಂಗಣ್ಣನ ಅಂಗಿ ಮೂಸಿದಳು, ಫೆನಿಯ ಬಾಟಲಿಯನ್ನೂ ಮೂಸಿದಳು. ಮೊದಲೆರಡಕ್ಕೂ ಒಂದೇ ವಾಸನೆ, ಮೂರನೆಯದೇ ಬೇರೆ. “ನಾವು ತಪ್ಪಿದ್ವಿ ತಮ್ಮಾ,” ಎಂದು ಅವನ ತಲೆ ಸವರಿದಳು. ಆಮೇಲೆ ಬಸಲಿಂಗಪ್ಪನ ಕಡೆ ತಿರುಗಿದಳು.

“ಅದು ಮೊಣಕಾಲ ನೋವಿಗೆ ಹಚ್ಚಾಕ ಇಟ್ಟೇನ್ರಿ ಅಕ್ಕಾ.”

ಮಹಾದೇವಕ್ಕ ಹತ್ತಿರ ಹೋಗಿ ಅವನ ಬಾಯಿ ಮೂಸಿದಳು. “ನಿನ್ನ ಮೊಣಕಾಲು ಬಾಯಾಗ ಐತೇನಪಾ?”

ಆ ಸೋಮವಾರ ನಿಂಗಣ್ಣ ಗೋಡೆ ನಡುಗುವಂತೆ ದಮ್ಮಡಿ ಬಾರಿಸಿದ. ಬಸಲಿಂಗಪ್ಪ ಬಾಗಿಲಲ್ಲಿ ಚಪ್ಪಲಿ ಕಾಯುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ನಿಂಗಣ್ಣನ ಮೈಯ ವಾಸನೆ ಎಂದಿನಂತೆಯೇ ಇತ್ತು. ನಾನು ಅವನಿಗೆ ಒತ್ತಿಕೊಂಡೇ ಕೂತೆ.