ಡೀಮನ್ನಿನ ಕಾವಲುಗಾರ

ಮೊಬೈಲು ಸುಮ್ಮನಿದ್ದರೆ ನನಗೆ ದಿಗಿಲು. ಕೆಟ್ಟುಹೋಯಿತೇನೋ ಎಂದು ಎತ್ತಿ ನೋಡುತ್ತೇನೆ; ಚಾರ್ಜು ತುಂಬಿರುತ್ತದೆ.

ಪಾಂಡವಪುರದಲ್ಲಿ ಕೂತು ಸುತ್ತಲ ತಾಲ್ಲೂಕುಗಳ ಹಾಲಿನ ಡೇರಿಗಳ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ. ಹಾಲಿನ ಅಳತೆ, ಫ್ಯಾಟು ಎಲ್ಲ ಇಲ್ಲಿನ ಯಂತ್ರಕ್ಕೆ ಬರುತ್ತದೆ. ಅದರ ನಕಲು ಕ್ಷಣಕ್ಷಣವೂ ನಾಗಮಂಗಲದ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಇಲ್ಲಿನದು ಕೈಕೊಟ್ಟರೆ ಅಲ್ಲಿನದು ಯಜಮಾನಿಕೆ ವಹಿಸಿಕೊಳ್ಳುತ್ತದೆ. ಆದರೆ ಡೇರಿಗಳ ಸಂಪರ್ಕಗಳನ್ನೆಲ್ಲ ಒಟ್ಟುಮಾಡಿ ಒಳಗೆ ಬಿಡುವ ಪೂಲರ್ ಎಂಬ ಮಧ್ಯವರ್ತಿ ಪ್ರೋಗ್ರಾಮಿಗೆ ಯಜಮಾನ ಬದಲಾದದ್ದೇ ತಿಳಿಯದು. ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ನಾನು ಓಡಿಬಂದು ವಿಳಾಸ ಬದಲಿಸುವವರೆಗೆ ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ಕ್ಯಾನು ಹಿಡಿದು ನಿಂತವರು ನನ್ನನ್ನು ನೆನೆಯುತ್ತಿರುತ್ತಾರೆ, ಒಳ್ಳೆಯ ಮಾತಿನಲ್ಲಂತೂ ಅಲ್ಲ. ಮದುವೆ ಊಟಕ್ಕೆ ಕೂತರೂ ಪಾಯಸ ಬರುವ ಮೊದಲೇ ಏಳುವ ಗಿರಾಕಿ ನಾನು.

ನನ್ನ ಹೆಂಡತಿ ಮೇಲುಕೋಟೆಯವಳು. ಫೋನಿಲ್ಲದೆ ಒಂದು ದಿನ ತನ್ನ ಜೊತೆ ತನ್ನೂರಿಗೆ ಬರಬೇಕೆಂಬುದು ಮದುವೆಯಾದಾಗಿನಿಂದ ಅವಳ ಬೇಡಿಕೆ. ಇನ್ನೂ ಮುಂದೂಡಿದರೆ ಕೇಳುವುದನ್ನೇ ಬಿಟ್ಟಾಳು ಎಂಬ ಹೆದರಿಕೆಯಿಂದಲೇ ನಾನು ಡೀಮನ್ ಬರೆಯಲು ಕೂತದ್ದು. ಹೆಸರು ಕೇಳಿ ಹುಬ್ಬೇರಿಸಿದಳು. ದೆವ್ವವಲ್ಲ ಕಣೇ ಎಂದೆ. ಹಿಂದಿನ ಗ್ರೀಕರಿಗೆ ಅದು ಕಣ್ಣಿಗೆ ಬೀಳದ ಒಂದು ಶಕ್ತಿ. ನಮ್ಮ ಗದ್ದೆ ಬದುವಿನ ಮುನೇಶ್ವರನ ದೂರದ ನೆಂಟ ಅನ್ನಬಹುದು. ನನ್ನದು ತೆರೆಮರೆಯಲ್ಲಿ ಸದಾ ಓಡುತ್ತಿರುವ ಪುಟ್ಟ ಪ್ರೋಗ್ರಾಮು, ಅಷ್ಟೆ. ಯಜಮಾನ ಬದಲಾದ ಕೂಡಲೇ ಪೂಲರಿನ ಕಿವಿ ಹಿಂಡಿ ಹೊಸ ಮನೆಯತ್ತ ತಿರುಗಿಸುತ್ತದೆ.

ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಡೀಮನ್ ಎಚ್ಚರವಾಗಿದೆಯೇ ಎಂದು ನೋಡಲು ನಾನು ಎಚ್ಚರವಾಗಿರತೊಡಗಿದೆ.

“ಕಾಯೋಕೆ ಅಂತ ಅದನ್ನ ಇಟ್ರಿ, ಈಗ ಅದನ್ನ ಕಾಯೋಕೆ ನೀವು ಕೂತ್ರಿ,” ಎಂದ ಹೆಂಡತಿ ಒಂದು ಬೆಳಗ್ಗೆ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟು ನನ್ನನ್ನು ಬಸ್ಸು ಹತ್ತಿಸಿದಳು.

ಮೇಲುಕೋಟೆಯಲ್ಲಿ ಬೆಟ್ಟ ಹತ್ತಿದೆ, ಪುಳಿಯೋಗರೆ ತಿಂದೆ, ಅವಳು ಓದಿದ ಶಾಲೆ ನೋಡಿದೆ. ಕೈ ಮಾತ್ರ ಖಾಲಿ ಜೇಬನ್ನೇ ತಡವುತ್ತಿತ್ತು. ಸಂಜೆ ಮನೆ ಹೊಕ್ಕವನೇ ಫೋನು ತೆಗೆದೆ. ಬೆಳಗಿನ ಹಾಲಿನ ಹೊತ್ತಿನಲ್ಲೇ ಪಾಂಡವಪುರದ ಯಂತ್ರ ಮಲಗಿತ್ತು. ನಾಗಮಂಗಲದ್ದು ಎದ್ದಿತ್ತು. ಪೂಲರನ್ನು ಅತ್ತ ತಿರುಗಿಸಿದ್ದೇನೆಂದು ಡೀಮನ್ ಸಂದೇಶ ಕಳಿಸಿತ್ತು. ಡೇರಿಗಳಿಂದ ಒಂದೇ ಒಂದು ಕರೆ ಬಂದಿರಲಿಲ್ಲ. ಸಂತೋಷವಾಯಿತು, ಬೇಸರವೂ ಆಯಿತು. ಬೇಸರವೇ ಒಂದು ತೂಕ ಹೆಚ್ಚು.

ತಡೆಯಲಾರದೆ ತೊಣ್ಣೂರಿನ ಡೇರಿಯ ಜಯಮ್ಮನಿಗೆ ಫೋನು ಮಾಡಿದೆ. ಏನು ಕೆಟ್ಟರೂ ಮೊದಲು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದವರು ಅವರೇ.

“ಎಲ್ಲಾ ನೆಟ್ಗೈತೆ ಬುಡಿ ಸಾ,” ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಯಾಕ್ ಸಾ, ಮನೇಲಿ ಮಾತಾಡೋಕೆ ಯಾರೂ ಇಲ್ವಾ?”

ಹೆಂಡತಿ ಎದುರಿಗೇ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

“ಇದ್ದಾರೆ ಜಯಮ್ಮ,” ಎಂದು ಫೋನಿಟ್ಟೆ. ಹೋಗಿ ಅವಳ ಪಕ್ಕ ಕೂತೆ.