ಹಾಳಾದ ರೀಲುಗಳ ಸದ್ದು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದ್ದೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ರೇಡಿಯೊ ರಿಪೇರಿ ಅಂಗಡಿ. ಆಗಷ್ಟೇ ನಮ್ಮ ಕಡೆಗೆ ಕ್ಯಾಸೆಟ್ಟುಗಳು ಬರತೊಡಗಿದ್ದವು. ಬಿಸಿಲಿಗೆ ಸೊಟ್ಟಗಾದವು, ಬೂಷ್ಟು ಹಿಡಿದವು, ಟೇಪ್‌ರೆಕಾರ್ಡರ್ ಮೆಷಿನ್ನು ಜಗಿದು ಉಗುಳಿದವು ಎಲ್ಲವೂ ನನ್ನ ಹತ್ತಿರ ಬಂದು ಉಳಿದುಬಿಡುತ್ತಿದ್ದವು. ಅಂಥ ಒಂದನ್ನು ಹಾಕಿ ನೋಡಿದಾಗ ಹಾಡೂ ಇಲ್ಲ, ಮಾತೂ ಇಲ್ಲ. ನೀರೊಳಗಿಂದ ಯಾರೋ ಉಸಿರೆಳೆದಂಥ ಸದ್ದು. ಆರಿಸಲು ಮನಸ್ಸಾಗಲಿಲ್ಲ. ಆಮೇಲೆ ಅದೇ ಗೀಳಾಯಿತು. ಹಾಳಾದ ರೀಲುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಉಂಗುರ ಮಾಡಿ ತಿರುಗಿಸುವುದು. ಎರಡು ಮೆಷಿನ್ನು ಎದುರುಬದುರು ಇಟ್ಟು ಒಂದರ ಗೊರಗೊರವನ್ನು ಇನ್ನೊಂದಕ್ಕೆ ತುಂಬಿಸುವುದು. ಅಂಗಡಿಗೆ ಬಂದವರು ಇದೇನು ಆಲೆಮನೆಯ ಗಾಣವೇ ಎಂದು ಕೇಳುತ್ತಿದ್ದರು. ನನ್ನ ಪಾಲಿಗೆ ಅದು ಸಂಗೀತ. ಹಾಗೆಂದು ಯಾರಿಗೂ ಹೇಳಲಿಲ್ಲ.

ಆ ವರ್ಷ ಬೆಸಗರಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದಳು. ಭಾವ ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿ ಸತ್ತಿದ್ದ. ಮಕ್ಕಳಿರಲಿಲ್ಲ. ನೆಂಟರು ಬಂದು ಹಣೆಬರಹದ ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ಅಕ್ಕ ಅಳಲಿಲ್ಲ. ಅವಳಿರುವಾಗ ಈ ಸದ್ದು ಬೇಡವೆಂದು ನಾನು ಮೆಷಿನ್ನುಗಳಿಗೆ ಬಟ್ಟೆ ಹೊದಿಸಿಟ್ಟೆ.

ಒಂದು ಮಧ್ಯಾಹ್ನ, ಅವಳು ಒಳಗೆ ಮಲಗಿದ್ದಾಳೆಂದುಕೊಂಡು ಮೆಲ್ಲಗೆ ಒಂದು ರೀಲಿನ ಉಂಗುರ ಹಾಕಿದೆ. ಅಕ್ಕ ಎದ್ದು ಬಂದು ಹೊಸ್ತಿಲ ಹತ್ತಿರ ಕುಳಿತಳು. ಗಾಬರಿಯಾಗಿ ನಿಲ್ಲಿಸಲು ಕೈ ಚಾಚಿದೆ.

“ನಿಲ್ಲಿಸ್‌ಬ್ಯಾಡ ಕಣ್ಲಾ,” ಎಂದಳು. “ಬಂದೋರೆಲ್ಲಾ ಏನಾರ ಒಂದು ಸಮಾಧಾನ ಏಳ್ತಾರೆ. ಇದು ಏನೂ ಏಳಾಕಿಲ್ಲ.”

ಉಂಗುರ ತಿರುಗುತ್ತಲೇ ಇತ್ತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಗೊರಗೊರದಲ್ಲಿ ಅವಳ ಅಳು ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳಿಸಲಿಲ್ಲ.

ಮರುದಿನದಿಂದ ತಾನಾಗಿಯೇ ಬಂದು ಕೂರತೊಡಗಿದಳು. ಸದ್ದು ನುಣುಪಾಯಿತು ಅನ್ನಿಸಿದರೆ ಪಾತ್ರೆ ಬೆಳಗುವ ಬೂದಿಯಲ್ಲಿ ರೀಲನ್ನು ತಿಕ್ಕಿ ಕೊಡುತ್ತಿದ್ದಳು. ಎಲ್ಲಿ ತಗ್ಗಬೇಕು, ಎಲ್ಲಿ ಏರಬೇಕೆಂದು ಕೈಯಲ್ಲೇ ತೋರಿಸುತ್ತಿದ್ದಳು. ಈಗಷ್ಟೇ ಸೂತಕ ಕಳೆದ ಮನೆಯಲ್ಲಿ ಇದೆಂಥ ಹುಚ್ಚು ಎಂದು ಅವ್ವ ಗೊಣಗಿದಳು. ಕ್ಯಾಸೆಟ್ಟಿನ ಒಂದು ಪಕ್ಕ ಪೂರ್ತಿ ತುಂಬುವಷ್ಟು ಸದ್ದನ್ನು ನಾವಿಬ್ಬರೂ ಸೇರಿ ಕಟ್ಟಿದೆವು.

ಸುಗ್ಗಿ ಕಳೆದ ಮೇಲೆ ಅಕ್ಕ ತನ್ನ ಗದ್ದೆ ತಾನೇ ನೋಡಿಕೊಳ್ಳುವುದಾಗಿ ಹೇಳಿ ಹೊರಟಳು. ಬಸ್ಸಿನ ಕಿಟಕಿಯಲ್ಲಿ ಆ ಕ್ಯಾಸೆಟ್ಟನ್ನು ಅವಳ ಕೈಗಿಟ್ಟೆ. ತಿರುಗಿಸಿ ನೋಡಿ ವಾಪಸು ಕೊಟ್ಟಳು.

“ನೀನೇ ಮಡೀಕೊ. ನಂಗಲ್ಲಿ ಕೆಲ್ಸ ಐತೆ.”

ಮುಂದಿನ ನಾಟಿಯ ದಿನ ನಾನೂ ಹೋದೆ. ಅಕ್ಕ ಮೊಣಕಾಲುದ್ದ ಕೆಸರಿನಲ್ಲಿ, ಭಾವ ಬಿದ್ದಿದ್ದ ಬದುವಿನ ಪಕ್ಕದಲ್ಲೇ ನಿಂತು, ಆಳುಗಳತ್ತ ಪೈರಿನ ಕಂತೆ ಎಸೆಯುತ್ತಿದ್ದಳು.